ಮರಳುಗಾಡಿಗೆ ಹೋದ ಅತ್ತೆ

ಜನವರಿ 12

ಪ್ರೀತಿಯ ಸೊಸೆಗೆ, ಅತ್ತೆಯ ಆಶೀರ್ವಾದ.

ಕ್ಷೇಮವಾಗಿ ಬಂದು ತಲುಪಿದೆ. ಕ್ಷೇಮ ಅನ್ನೋದು ಸ್ವಲ್ಪ ದೊಡ್ಡ ಮಾತು. ಜೀಪಿನಲ್ಲಿ ಕುಲುಕಿ ಕುಲುಕಿ ನನ್ನ ಮೂಳೆಗಳೆಲ್ಲ ಜಾಗ ಬದಲಾಯಿಸಿಕೊಂಡಿವೆ. ರಸ್ತೆ ಅಂತ ಇರೋದು ಅರ್ಧ ದಾರಿ ಮಾತ್ರ. ಆಮೇಲೆ ಮುಂದೆ ಹೋದ ಲಾರಿಯ ಗಾಲಿ ಗುರುತೇ ರಸ್ತೆ.

ನಮ್ಮ ಮಿಷನ್ ಆಸ್ಪತ್ರೆ ಅಂದ್ರೆ ಎರಡು ಕೋಣೆ, ಮೇಲೆ ತಗಡು. ಒಂದರಲ್ಲಿ ಔಷಧಿ ಮತ್ತು ಹೆರಿಗೆ ಮಂಚ. ಇನ್ನೊಂದರಲ್ಲಿ ಡಾಕ್ಟರಮ್ಮ ಮತ್ತು ನಾನು ಮಲಗ್ತೀವಿ. ಪಾಸ್ಟರು ಹೊರಗೆ ಡೇರೆಯಲ್ಲಿ. ಇಷ್ಟೇ ನಮ್ಮ ತಂಡ. ಮರಳು ಮಾತ್ರ ಎಲ್ಲ ಕಡೆ ಇದೆ, ತಟ್ಟೆಯಲ್ಲಿ, ಹಾಸಿಗೆಯಲ್ಲಿ, ಕಿವಿಯಲ್ಲಿ. ಬಾವಿ ನೀರು ಉಪ್ಪುಪ್ಪು. ಚಹಾಕ್ಕೆ ಎಷ್ಟು ಸಕ್ಕರೆ ಸುರಿದ್ರೂ ಕಣ್ಣೀರು ಕುಡಿದ ಹಾಗಿರುತ್ತೆ.

ಫೋನು ಇಲ್ಲಿ ಕೆಲಸ ಮಾಡಲ್ಲ. ಪಾಸ್ಟರ ಹತ್ತಿರ ಒಂದು ಸ್ಯಾಟಲೈಟ್ ಫೋನಿದೆ, ಅದು ಪ್ರಾಣಾಪಾಯಕ್ಕೆ ಅಂತ ಎತ್ತಿಟ್ಟಿದ್ದು. ಸಾಮಾನಿನ ಲಾರಿ ಬಂದಾಗ ಕಾಗದ ಬರುತ್ತೆ, ಹೋಗುತ್ತೆ. ಹಾಗಾಗಿ ತಡ ಆದ್ರೆ ಗಾಬರಿ ಆಗಬೇಡ.

ವರ್ಷಗಟ್ಟಲೆ ಹೆರಿಗೆ ವಾರ್ಡು ನೋಡಿಕೊಂಡ ನರ್ಸಮ್ಮ ಬಂದಿದ್ದಾರೆ ಅಂತ ಪಾಸ್ಟರು ಮನೆಮನೆಗೂ ಹೇಳಿ ಬಂದ್ರು. ಇದುವರೆಗೆ ಒಬ್ಬ ಬಸುರಿಯೂ ಈ ಕಡೆ ತಲೆ ಹಾಕಿಲ್ಲ. ಬರ್ತಾರೆ. ಬರೋ ಹಾಗೆ ಮಾಡ್ತೀನಿ.

ಪಂಪಿನ ಸ್ವಿಚ್ಚು ಆರಿಸೋದು ಮರೆತು ಟ್ಯಾಂಕು ತುಂಬಿಸಿ ಬೀದಿಗೆ ಸ್ನಾನ ಮಾಡಿಸಬೇಡ. ನಾನಿಲ್ಲ ಅಂತ ಊಟ ಬಿಡಬೇಡ. ಇನ್ನು ನಿನ್ನ ವಿಚಾರ ನಿನ್ನ ಇಷ್ಟ. ಅದಕ್ಕೆ ನನ್ನನ್ನು ಕೇಳೋದೇನೂ ಇಲ್ಲ.

ಇಂತಿ,
ಅತ್ತೆ

---

ಜನವರಿ 30

ಅತ್ತೆಗೆ ನಮಸ್ಕಾರ.

ನಿಮ್ಮ ಕಾಗದ ಓದ್ತಾ ನಗ್ತಾ ಇದ್ದೆ. ಕೊನೇ ಸಾಲಿಗೆ ಬಂದಾಗ ನಗು ನಿಂತುಹೋಯ್ತು.

ಕೇಳೋದೇನೂ ಇಲ್ಲ ಅಂದ್ರೆ ಏನರ್ಥ? ನಿಮ್ಮ ಮಗ ತೀರಿಹೋಗಿ ಮೂರು ವರ್ಷ ಆಯ್ತು. ಆವತ್ತಿನಿಂದ ಉಪ್ಪು ಯಾವ ಡಬ್ಬಿಯಲ್ಲಿರಬೇಕು ಅನ್ನೋದರಿಂದ ಹಿಡಿದು ಎಲ್ಲವನ್ನೂ ನಾವಿಬ್ಬರೂ ಸೇರಿ ತೀರ್ಮಾನ ಮಾಡಿದ್ದೀವಿ, ಜಗಳ ಆಡಿಕೊಂಡಾದ್ರೂ. ನನ್ನ ತವರಿನವರು ಬಾ ಅಂದಾಗ ನಾನು ಹೋಗಲಿಲ್ಲ. ನೀವು ಹೋಗು ಅನ್ನಲಿಲ್ಲ. ಕನ್ನಡಕದ ಅಂಗಡಿಯವರು ನನ್ನನ್ನು ಮದುವೆ ಆಗೋ ಮಾತು ಎತ್ತಿದ್ದಾರೆ ಅಂತ ನಿಮಗೆ ಹೇಳಿದ್ದು ಒಂದು ಭಾನುವಾರ, ಪ್ರಾರ್ಥನೆ ಮುಗಿಸಿ ಬರುವಾಗ. ಅದೇ ವಾರ ನೀವು ಮಿಷನ್ನಿನವರಿಗೆ ಹೆಸರು ಕೊಟ್ಟು ಬಂದ್ರಿ. ನಾನೇನು ಚಿಕ್ಕ ಮಗುನಾ ಅತ್ತೆ, ಅರ್ಥ ಆಗದೇ ಇರೋಕೆ?

ಅವರಿಗೆ ನಾನಿನ್ನೂ ಹೂಂ ಅಂದಿಲ್ಲ. ಸೊಸೆ ಅತ್ತೆಯನ್ನು ಮರಳುಗಾಡಿಗೆ ಅಟ್ಟಿದಳು ಅಂತ ಬೀದಿಯವರು ಆಗಲೇ ಮಾತಾಡ್ತಿದ್ದಾರೆ. ಆಡಿಕೊಳ್ಳಲಿ.

ಡೆಂಟಲ್ ಲ್ಯಾಬಿನಲ್ಲಿ ಕೈತುಂಬ ಕೆಲಸ. ಮೊನ್ನೆ ಒಬ್ಬ ಹಿರಿಯರು ನಾನು ಮಾಡಿದ ಹಲ್ಲಿನ ಸೆಟ್ಟು ವಾಪಸ್ ತಂದು, "ನೋಡಮ್ಮ, ಇದು ನನಗಿಂತ ಮುಂಚೆ ನಗುತ್ತೆ" ಅಂದ್ರು. ಉಜ್ಜಿ ಸರಿ ಮಾಡಿ ಕೊಟ್ಟೆ.

ಆರು ತಿಂಗಳು ಅಂತ ಹೇಳಿ ಹೋಗಿದ್ದೀರಿ. ಅದರ ಮೇಲೆ ಒಂದು ದಿನವೂ ಬೇಡ.

ನಿಮ್ಮ ಸೊಸೆ

---

ಫೆಬ್ರವರಿ 20

ಪ್ರೀತಿಯ ಸೊಸೆಗೆ,

ಇಲ್ಲಿ ಬಸುರಿಯರು ಯಾಕೆ ಬರಲ್ಲ ಅಂತ ಗೊತ್ತಾಯ್ತು. ಹಿರಿಯಮ್ಮ ಅಂತ ಒಬ್ಬಳಿದ್ದಾಳೆ. ಇಡೀ ಊರು ಅವಳ ಕೈಯಲ್ಲೇ ಹುಟ್ಟಿದೆ. ಅವಳು ಬೇಡ ಅಂದ್ರೆ ಬೇಡ, ಮುಗೀತು. ಸರಿ, ನಾನೇ ಅವಳ ಮನೆಗೆ ಹೋದೆ. ಅವಳ ಮೊಮ್ಮಗಳು ಚಿಕ್ಕಂದಿನಲ್ಲಿ ಪಟ್ಟಣದಲ್ಲಿ ಬೆಳೆದವಳು, ನಮ್ಮ ಮಾತು ಬರುತ್ತೆ. ಅವಳನ್ನು ನಾವು ಪಟ್ಟಣದವಳು ಅಂತಲೇ ಕರೀತೀವಿ. ಅವಳೂ ಐದು ತಿಂಗಳ ಬಸುರಿ. ನಮ್ಮಿಬ್ಬರ ಮಾತು ಆ ಕಡೆಗೂ ಈ ಕಡೆಗೂ ದಾಟಿಸಿದವಳು ಅವಳೇ.

"ಎಷ್ಟು ದಿನ ಇರ್ತೀಯ?" ಅಂತ ಮುದುಕಿ ಕೇಳಿದಳು.

"ಆರು ತಿಂಗಳು" ಅಂದೆ.

ಮುದುಕಿ ನಕ್ಕಳು. ಬಾಯಲ್ಲಿ ಒಂದೂ ಹಲ್ಲಿಲ್ಲ. "ಹಿಂದೆ ಬಂದವರೂ ಹಾಗೇ ಅಂದ್ರು. ರಕ್ತ ಹೋಗ್ತಿದ್ದ ಒಬ್ಬಳಿಗೆ, ಮುಂದಿನ ಸಲ ಬಂದಾಗ ಆಪರೇಷನ್ ಮಾಡ್ತೀವಿ ಅಂದ್ರು. ಅವಳು ಕಾದಳು. ಯಾರೂ ಬರಲಿಲ್ಲ. ಅವಳು ನನ್ನ ಸೊಸೆ, ಇವಳ ತಾಯಿ. ನೀವು ಬರೋದೇ ಹೋಗೋದಕ್ಕೆ."

ಇದನ್ನೂ ಪಟ್ಟಣದವಳೇ ನನಗೆ ದಾಟಿಸಬೇಕಾಯ್ತು. ತಲೆ ತಗ್ಗಿಸಿ, ಒಂದೂ ಮಾತು ಬಿಡದೆ ಹೇಳಿದಳು. ಎದ್ದು ಬಂದೆ. ಮಾರನೇ ದಿನ ಮತ್ತೆ ಹೋದೆ. ದಿನಾ ಹೋಗ್ತಿದ್ದೀನಿ. ಚಹಾ ಕೊಡ್ತಾಳೆ, ಮಾತು ಕೊಡಲ್ಲ.

ಈ ಕಡೆ ಪಾಸ್ಟರ ಜೊತೆ ಒಂದು ಜಟಾಪಟಿ. ಬಾಗಿಲ ಮುಂದೆ ಬೆಂಚು ಹಾಕಿ, ಮೊದಲು ಪ್ರಾರ್ಥನೆ, ಆಮೇಲೆ ಔಷಧಿ ಅಂತ ಮಾಡಿದ್ರು. "ಅಮ್ಮಾ, ನಾವು ಬಂದಿರೋದೇ ಸುವಾರ್ತೆ ಸಾರೋದಕ್ಕೆ" ಅಂದ್ರು. "ನಾನೂ ಅದಕ್ಕೇ ಬಂದಿದ್ದೀನಿ ಪಾಸ್ಟರೇ. ಆದ್ರೆ ಹೊಟ್ಟೆ ಹಿಡಿದುಕೊಂಡು ಬಂದವಳನ್ನು ಬೆಂಚಿನ ಮೇಲೆ ಕೂರಿಸಿ ಕಾಯಿಸು ಅಂತ ಕರ್ತನು ನನಗೆ ಹೇಳಿಲ್ಲ. ನಾನು ಕೈ ತೊಳೆಯುವಾಗಲೇ ಪ್ರಾರ್ಥನೆ ಮಾಡ್ತೀನಿ, ಅವನಿಗೆ ಕೇಳಿಸುತ್ತೆ." ಒಂದೆರಡು ದಿನ ಮುಖ ಊದಿಸಿಕೊಂಡು ಓಡಾಡಿದ್ರು. ಆಮೇಲೆ ತಾವೇ ಬೆಂಚನ್ನು ಹಿತ್ತಲ ನೆರಳಿಗೆ ಎಳೆದು ಹಾಕಿದ್ರು. ಈಗ ಮನಸ್ಸಿದ್ದವರು ಅಲ್ಲಿ ಕೂರ್ತಾರೆ. ಒಳ್ಳೆಯ ಮನುಷ್ಯ. ಆಸ್ಪತ್ರೆಗೆ ನೀರು ಹೊರೋದು ಅವರೇ.

ಒಂದು ಕೆಲಸ ಆಗಬೇಕು. ಹಿರಿಯಮ್ಮ ರೊಟ್ಟಿಯನ್ನು ನೀರಲ್ಲಿ ನೆನೆಸಿ ನುಂಗ್ತಾಳೆ, ನೋಡೋಕಾಗಲ್ಲ. ಇಲ್ಲಿಂದ ಅವಳ ಬಾಯಿಯ ಅಚ್ಚು ತೆಗೆದು ಕಳಿಸಿದ್ರೆ ನೀನು ಹಲ್ಲಿನ ಸೆಟ್ಟು ಮಾಡಬಹುದಾ?

ಇಂತಿ,
ಅತ್ತೆ

---

ಮಾರ್ಚ್ 11

ಅತ್ತೆಗೆ,

ಅಚ್ಚಿನ ಪುಡಿ, ಪ್ಲಾಸ್ಟರು, ಮೇಣದ ಪಟ್ಟಿ ಪಾರ್ಸೆಲ್ ಮಾಡಿದ್ದೀನಿ. ಮಾಡೋ ವಿಧಾನ ಪೊಟ್ಟಣದ ಮೇಲಿದೆ. ಅಚ್ಚು ಬಾಯಿಂದ ತೆಗೆದ ಕೂಡಲೇ ಪ್ಲಾಸ್ಟರು ಹುಯ್ಯಿರಿ, ತಡ ಮಾಡಿದ್ರೆ ಕೆಡುತ್ತೆ.

ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆದಿಲ್ಲ.

ಸೊಸೆ

---

ಏಪ್ರಿಲ್ 2

ಸೊಸೆಗೆ,

ನಿನ್ನ ನಾಲ್ಕು ಸಾಲು ಬಂತು. ಅಕ್ಷರ ನೋಡಿದ್ರೆ ಓಡ್ತಾ ಓಡ್ತಾ ಬರೆದ ಹಾಗಿದೆ. ಪುರುಸೊತ್ತಿಲ್ಲದಿದ್ರೆ ಬರೀಲೇಬೇಕು ಅಂತೇನಿಲ್ಲ. ನಿನಗೂ ನಿನ್ನ ಬದುಕಿದೆ. ಕನ್ನಡಕದವರನ್ನು ಇನ್ನೂ ಕಾಯಿಸಬೇಡ, ಹೂಂ ಅನ್ನು.

ಅಚ್ಚು ಈ ಲಾರಿಯಲ್ಲಿ ಬರ್ತಿದೆ. ತೆಗೆಯೋ ಹೊತ್ತಿಗೆ ಸಾಕುಬೇಕಾಯ್ತು. ಆ ಪುಡಿ ಕಲಸಿ ಬಾಯಿಗೆ ಇಟ್ಟ ತಕ್ಷಣ ಮುದುಕಿ ಕಣ್ಣು ಕೆಂಪು ಮಾಡಿಕೊಂಡು ನನ್ನ ಕೈ ಹಿಡಿದಳು. "ಇನ್ನೊಂದು ಸ್ವಲ್ಪ, ಅಲ್ಲಾಡಬೇಡ" ಅಂತ ನಾನು ಹೆರಿಗೆಯವರಿಗೆ ಹೇಳೋ ದನಿಯಲ್ಲೇ ಹೇಳಿಬಿಟ್ಟೆ. ಪಟ್ಟಣದವಳು ಅದನ್ನು ದಾಟಿಸೋದು ಬಿಟ್ಟು ಗೋಡೆಗೆ ಒರಗಿಕೊಂಡು ನಗ್ತಾ ನಿಂತಳು. ಅಚ್ಚು ಹೊರಗೆ ಬಂದ ಮೇಲೆ ಮುದುಕಿ ಬಾಯಿ ತುಂಬ ಬೈದಳಂತೆ. ಅದನ್ನಂತೂ ಯಾರೂ ದಾಟಿಸಲಿಲ್ಲ.

ಈಗ ಹೆಂಗಸರು ಬರ್ತಿದ್ದಾರೆ. ಹಿರಿಯಮ್ಮ ಕಳಿಸ್ತಾಳೆ ಅಂತಲ್ಲ, ಬೇಡ ಅನ್ನೋದು ಬಿಟ್ಟಿದ್ದಾಳೆ ಅಷ್ಟೇ. ಡಾಕ್ಟರಮ್ಮನ ಅವಧಿ ಮುಗೀತು, ಹೊರಟು ಹೋದ್ರು. ಪಟ್ಟಣದವಳ ಕಾಲು ಊದಿಕೊಳ್ತಿದೆ, ಬಿ.ಪಿ. ಏರ್ತಿದೆ. ಅವಳನ್ನು ದಿನಾ ಬಂದು ತೋರಿಸು ಅಂದಿದ್ದೀನಿ. ಹೆರಿಗೆ ಮಾತ್ರ ಮನೆಯಲ್ಲೇ ಅಂತ ಮುದುಕಿ ಹಟ ಹಿಡಿದಿದ್ದಾಳೆ. ನನ್ನ ಹಟ ಅವಳಿನ್ನೂ ನೋಡಿಲ್ಲ.

ನಾನು ಆರೋಗ್ಯವಾಗಿದ್ದೀನಿ.

ಅತ್ತೆ

---

ಏಪ್ರಿಲ್ 28

ಅತ್ತೆಗೆ,

ಹಲ್ಲು ಕಳಿಸಿದ್ದೀನಿ. ಮೊದಲ ವಾರ ನೋಯುತ್ತೆ. ಒಸಡು ಕೆಂಪಾದ ಕಡೆ ತಾಗೋ ಸೆಟ್ಟಿನ ಅಂಚನ್ನು ಜೊತೆಗಿಟ್ಟ ಅರದಿಂದ ಚೂರುಚೂರೇ ಉಜ್ಜಿ.

ನೀವು ಹೂಂ ಅನ್ನು ಅಂದ್ರೆ ನಾನು ಹೂಂ ಅನ್ನೋದಾ? ನಾನು ಕೇಳಿದ್ದು ಅಪ್ಪಣೆ ಅಲ್ಲ.

ಸೊಸೆ

---

ಜೂನ್ 3

ಸೊಸೆಗೆ,

ಎರಡು ತಿಂಗಳಾಯ್ತು ಬರೆದು. ನಡೆದಿದ್ದನ್ನು ಒಂದೊಂದಾಗಿ ಹೇಳ್ತೀನಿ, ಸಾವಧಾನವಾಗಿ ಓದು.

ಮೇ ಕೊನೆಯಲ್ಲಿ ಸಂಸ್ಥೆಯಿಂದ ಆದೇಶ ಬಂತು. ಮರಳು ಬಿರುಗಾಳಿ ಹೆಚ್ಚಾಗಿದೆ, ಡಾಕ್ಟರೂ ಇಲ್ಲ, ಆಸ್ಪತ್ರೆಗೆ ಬೀಗ ಹಾಕಿ ಇಬ್ಬರೂ ಬಂದುಬಿಡಿ ಅಂತ. ಪಾಸ್ಟರು ಅದನ್ನು ನನಗೆ ಹೇಳುವಾಗ ನನ್ನ ಮುಖ ನೋಡಲಿಲ್ಲ. ನಾನು ಔಷಧಿ ಪೆಟ್ಟಿಗೆ ಕಟ್ಟಲಿಲ್ಲ. ಅವರೂ ಕಟ್ಟಿ ಅನ್ನಲಿಲ್ಲ.

ಹೊರಡಬೇಕಾದ ದಿನ ಮಧ್ಯಾಹ್ನ ಪಟ್ಟಣದವಳ ಗಂಡ ಓಡಿಬಂದ. ಅವಳಿಗೆ ಮೂರು ದಿನದಿಂದ ತಲೆನೋವು, ಈಗ ಕಣ್ಣಿನ ಮುಂದೆ ಮಿಂಚು ಹೊಡೆದ ಹಾಗೆ ಆಗ್ತಿದೆ ಅಂದ. ಹೋಗಿ ನೋಡಿದ್ರೆ ಬಿ.ಪಿ. ಎಲ್ಲಿಗೋ ಹೋಗಿದೆ. ಫಿಟ್ಸ್ ಬರದ ಹಾಗೆ ಇಂಜೆಕ್ಷನ್ ಕೊಟ್ಟೆ. ಈಗಲೇ ಹೊರಡಬೇಕು, ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ಮಗು ತೆಗೀಬೇಕು, ಇಲ್ಲದಿದ್ರೆ ಎರಡು ಜೀವವೂ ಉಳಿಯಲ್ಲ ಅಂದೆ. ಹಿರಿಯಮ್ಮ ಬಾಗಿಲಿಗೆ ಅಡ್ಡ ಕೂತಳು. ಬಾಯಲ್ಲಿ ನೀನು ಮಾಡಿದ ಹಲ್ಲು. ಅದನ್ನು ಅವಳು ಊಟಕ್ಕಿಂತ ಬೈಯೋದಕ್ಕೇ ಹೆಚ್ಚು ಹಾಕಿಕೊಳ್ತಾಳೆ. ಆ ಹೊತ್ತು ಬೈಯಲಿಲ್ಲ. ಮೆಲ್ಲಗೆ ಒಂದು ಮಾತು ಕೇಳಿದಳು. ಮಂಚದ ಮೇಲೆ ಬಿದ್ದಿದ್ದ ಪಟ್ಟಣದವಳೇ ಅದನ್ನೂ ನನಗೆ ಹೇಳಿದಳು, ಕಣ್ಣು ಮುಚ್ಚಿಕೊಂಡು.

"ಇವಳನ್ನು ಕರ್ಕೊಂಡು ಹೋಗ್ತೀಯ. ನೀನು ವಾಪಸ್ ಬರ್ತೀಯ?"

"ಬರ್ತೀನಿ" ಅಂದೆ.

ಮುದುಕಿ ಎದ್ದು ದಾರಿ ಬಿಟ್ಟಳು.

ಪಾಸ್ಟರು ಜೀಪು ಓಡಿಸಿದ್ರು. ನಾನು ಹಿಂದೆ ಅವಳ ತಲೆಯನ್ನು ತೊಡೆ ಮೇಲೆ ಇಟ್ಟುಕೊಂಡು ಕೂತೆ, ಗಂಡ ಅವಳ ಕಾಲು ಹಿಡಿದಿದ್ದ. ಕಲ್ಲು ಬಂದಲ್ಲೆಲ್ಲ ಪಾಸ್ಟರು ಮೊಟ್ಟೆ ಸಾಗಿಸೋರ ಹಾಗೆ ನಿಧಾನ ಮಾಡಿದ್ರು, ಮಿಕ್ಕ ಕಡೆ ಹುಚ್ಚು ಹಿಡಿದೋರ ಹಾಗೆ ಓಡಿಸಿದ್ರು. ಒಂದು ಸಲ ಅವಳ ಕೈ ಬೆರಳು ಸೆಟೆದುಕೊಂಡಾಗ ನಾನು ಗಟ್ಟಿಯಾಗಿ ಪ್ರಾರ್ಥನೆ ಮಾಡಿದೆ. ಆಪರೇಷನ್ ಆಯ್ತು. ಹೆಣ್ಣು ಮಗು, ಚಿಕ್ಕದು, ಆದ್ರೆ ಗಂಟಲು ಜೋರಾಗಿದೆ. ತಾಯಿಯೂ ಉಳಿದಳು. ಪಾಸ್ಟರು ಆಸ್ಪತ್ರೆಯ ಮೊಗಸಾಲೆಯಲ್ಲಿ ಗೋಡೆಗೆ ಹಣೆ ಒತ್ತಿ ನಿಂತು ಅತ್ತುಬಿಟ್ರು.

ಮಾರನೇ ದಿನ ಅವರು, "ಅಮ್ಮಾ, ಇಲ್ಲಿಂದ ಮನೆಗೆ ನೇರ ಬಸ್ಸಿದೆ" ಅಂದ್ರು. ಬಸ್ಸು ಎದುರಿಗೇ ನಿಂತಿತ್ತು. "ನನಗೂ ಕಾಣ್ತಿದೆ ಪಾಸ್ಟರೇ. ನೀವು ಹತ್ತಿ. ಸಂಸ್ಥೆಯವರ ಹತ್ತಿರ ಮಾತಾಡಿ. ನಾನು ಬಾಗಿಲು ತೆರೆದಿಟ್ಟುಕೊಂಡಿರ್ತೀನಿ" ಅಂದೆ. ಸಾಮಾನಿನ ಲಾರಿ ಹತ್ತಿ ವಾಪಸ್ ಬಂದೆ.

ಲಾರಿ ಹೊರಡೋ ಮುಂಚೆ ಅಲ್ಲಿಂದ ನಿನ್ನ ಮೊಬೈಲಿಗೆ ಫೋನ್ ಮಾಡಿದ್ದೆ. ಗಂಡಸಿನ ದನಿ ಹಲೋ ಅಂತು. ನಾನು ಮಾತಾಡದೆ ಇಟ್ಟೆ. ನೀನು ಹೂಂ ಅಂದಿದ್ದೀಯ ಅಂತ ತಿಳೀತು. ಒಳ್ಳೇದಾಯ್ತು. ನನಗೆ ತಿಳಿಸಬಹುದಿತ್ತು.

ಅತ್ತೆ

---

ಜೂನ್ 22

ಅತ್ತೆಗೆ ನಮಸ್ಕಾರ.

ಈ ಕಾಗದ ನನ್ನ ಬಲಗೈಯಲ್ಲಿ ಬರೀತಿದ್ದೀನಿ. ಹಿಂದಿನ ಎರಡೂ ಎಡಗೈಯಲ್ಲಿ ಬರೆದದ್ದು. ಮಾರ್ಚ್ ಶುರುವಿನಲ್ಲಿ ಲ್ಯಾಬಿನ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರೀತು. ಸರಿಯಾಗಿ ಕೂರಲಿಲ್ಲ ಅಂತ ಇನ್ನೊಂದು ಸಲ ಕೂರಿಸಿ ಕಟ್ಟಿದ್ರು. ನಿಮಗೆ ತಿಳಿಸಿದ್ರೆ ಮುಂದಿನ ಲಾರಿಗೇ ಹತ್ತಿ ಬಂದುಬಿಡ್ತೀರಿ ಅಂತ ಬರೀಲಿಲ್ಲ. ಬನ್ನಿ ಅಂತ ಜಗಳ ಮಾಡಿದವಳೂ ನಾನೇ. ಆದ್ರೆ ಮುರಿದ ಕೈ ತೋರಿಸಿ ಕರೆಸಿಕೊಳ್ಳೋದು ಬೇಡ ಅನ್ನಿಸ್ತು.

ಕನ್ನಡಕದವರು ದಿನಾ ಅಂಗಡಿ ಮುಚ್ಚಿದ ಮೇಲೆ ಬಂದು ಅಡಿಗೆ ಮಾಡಿಟ್ಟು ಹೋಗ್ತಿದ್ರು. ಅವರು ಮಾಡೋ ಅನ್ನ ಒಂದು ದಿನ ಅಂಟು, ಒಂದು ದಿನ ಕಲ್ಲು. ಹಿರಿಯಮ್ಮನ ಹಲ್ಲು ಮಾಡಿದ್ದೂ ನಾವಿಬ್ಬರೂ ಸೇರಿ. ಚಿಕ್ಕ ಚಿಕ್ಕ ಸ್ಕ್ರೂ ತಿರುಗಿಸಿ ಅಭ್ಯಾಸ ಇರೋ ಕೈ ಅವರದು. ನಾನು ಹೇಳ್ತಾ ಹೋದೆ, ಅವರು ಹಿಡೀತಾ ಹೋದ್ರು. ನೀವು ಫೋನ್ ಮಾಡಿದ ದಿನ ನಾನು ಕಟ್ಟು ಬಿಚ್ಚಿಸೋಕೆ ಒಳಗೆ ಹೋಗಿದ್ದೆ, ಫೋನು ಅವರ ಕೈಲಿತ್ತು. ಯಾರೋ ಉಸಿರಾಡಿದ್ರು, ಮಾತಾಡಲಿಲ್ಲ ಅಂದ್ರು. ನೀವೇ ಅಂತ ನನಗೆ ಗೊತ್ತಾಯ್ತು. ಆ ನಂಬರಿಗೆ ಮತ್ತೆ ಮತ್ತೆ ಮಾಡಿದೆ. ಯಾರೋ ಅಂಗಡಿಯವರು ಎತ್ತಿ, ಆಯಮ್ಮ ಲಾರಿ ಹತ್ತಿ ಹೋದ್ರು ಅಂದ್ರು.

ಪಾಸ್ಟರು ಮನೆಗೆ ಬಂದಿದ್ರು. ಮಾರ್ಚ್‌ನಲ್ಲಿ ನೀವು ಬಿಸಿಲಿಗೆ ಬಾವಿ ಹತ್ತಿರ ಎಚ್ಚರ ತಪ್ಪಿ ಬಿದ್ದಿದ್ದು, ಆಮೇಲೆ ವಾರಗಟ್ಟಲೆ ಮಲಗಿದ್ದು ಎಲ್ಲ ಹೇಳಿದ್ರು. ನಿಮ್ಮ ಕಾಗದದಲ್ಲಿ ಅದರ ಸುದ್ದಿಯೇ ಇಲ್ಲ. ಆರೋಗ್ಯವಾಗಿದ್ದೀನಿ ಅಂತ ಬರೆದಿದ್ದೀರಿ. ಸುಳ್ಳು ಹೇಳೋದರಲ್ಲಿ ಇಬ್ಬರೂ ಒಂದೇ ಮನೆಯವರು ಅಂತ ಗೊತ್ತಾಗುತ್ತೆ.

ಅವರಿಗೆ ನಾನಿನ್ನೂ ಹೂಂ ಅಂದಿಲ್ಲ. ನನಗೆ ಬೇಕಾಗಿರೋದು ಒಂದೇ ಮಾತು. ನನ್ನ ಮೇಲಿನ ಬೇಜಾರಿಗೆ ಹೋದ್ರಾ, ಅಥವಾ ನನಗೆ ದಾರಿ ಬಿಡೋಕೆ ಹೋದ್ರಾ? ಎರಡರಲ್ಲಿ ಯಾವುದಾದ್ರೂ ನಾನು ತಡ್ಕೊಳ್ತೀನಿ. ಸುಮ್ಮನಿರೋದನ್ನು ತಡ್ಕೊಳ್ಳೋಕಾಗಲ್ಲ.

ನಿಮ್ಮ ಸೊಸೆ

---

ಜುಲೈ 10

ನನ್ನ ಮಗಳಂಥ ಸೊಸೆಗೆ,

ನಿನ್ನ ಕಾಗದ ಓದಿ ನಿನ್ನ ಮಣಿಕಟ್ಟು ಹಿಡಿದು ನೋಡಬೇಕು ಅನ್ನಿಸ್ತು. ಬೆರಳು ಪೂರ್ತಿ ಮಡಿಸೋಕೆ ಬರುತ್ತಾ? ಬಿಸಿನೀರಿನಲ್ಲಿ ಇಟ್ಟು ದಿನಾ ಆಡಿಸು. ಮೆಟ್ಟಿಲಿಗೆ ಹಿಡಿಕೆ ಹಾಕಿಸಿ ಅಂತ ಲ್ಯಾಬಿನವರಿಗೆ ಹೇಳು, ನೀನು ಹೇಳದಿದ್ರೆ ನಾನೇ ಬರೀತೀನಿ.

ನೀನು ಕೇಳಿದ್ದಕ್ಕೆ ಉತ್ತರ. ನೀನು ಹೇಳಿದ ಎರಡರಲ್ಲೂ ಒಂದೊಂದು ಚೂರು ನಿಜ, ಆದ್ರೆ ಎರಡೂ ಕಾರಣ ಅಲ್ಲ.

ಆ ಭಾನುವಾರ ನನಗೆ ಸಂಕಟ ಆಯ್ತು. ನನ್ನ ಮಗನ ಜಾಗಕ್ಕೆ ಇನ್ನೊಬ್ಬರು ಅಂತ ಯೋಚನೆ ಬಂದು ಎದೆ ಹಿಂಡಿದ ಹಾಗಾಯ್ತು. ಇಲ್ಲ ಅಂದ್ರೆ ನೀನು ನಂಬಲ್ಲ. ಆದ್ರೆ ಆವತ್ತೇ ಅಂಗಳದಲ್ಲಿ ಚಪ್ಪಲಿ ಬಿಡುವಾಗ ಇನ್ನೊಂದು ಯೋಚನೆಯೂ ಬಂತು. ಹಾಗಾದ್ರೆ ಈಗ ನಾನೂ ಹೋಗಬಹುದು ಅಂತ. ನರ್ಸಿಂಗ್ ಓದೋವಾಗ, ಮಿಷನ್ನಿಗೆ ಹೋಗ್ತೀನಿ, ಯಾರೂ ಹೋಗದ ಕಡೆ ಹೋಗ್ತೀನಿ ಅಂತ ಮೊಣಕಾಲೂರಿ ಕೇಳಿಕೊಂಡಿದ್ದೆ. ಆಮೇಲೆ ಮದುವೆ, ಮಗ, ನೈಟ್ ಡ್ಯೂಟಿ, ನಿಮ್ಮ ಮಾವನ ಕಾಯಿಲೆ. ಕೊನೆಗೆ ನಿನ್ನನ್ನು ನೋಡಿಕೊಳ್ಳೋಕೆ ನಾನು, ನನ್ನನ್ನು ನೋಡಿಕೊಳ್ಳೋಕೆ ನೀನು ಅಂತ ಇಬ್ಬರೂ ಒಬ್ಬರಿಗೊಬ್ಬರು ಕಾವಲು ಕೂತುಬಿಟ್ಟೆವು. ಬಂದದ್ದು ನನಗೆ ಬರಬೇಕು ಅನ್ನಿಸಿದ್ದಕ್ಕೆ. ಅದರ ಪೂರ್ತಿ ಹೊಣೆ ನಿನ್ನ ತಲೆಗೆ ಕಟ್ಟಿಕೊಳ್ಳಬೇಡ, ಅದರ ಪುಣ್ಯವನ್ನೂ ತಗೋಬೇಡ.

ಸಂಸ್ಥೆಯಿಂದ ಪಾಸ್ಟರು ಒಂದು ವರ್ಷದ ಒಪ್ಪಿಗೆ ಪಡೆದಿದ್ದಾರೆ. ಮುಂದಿನ ತಿಂಗಳು ಒಬ್ಬ ಡಾಕ್ಟರನ್ನು ಕರ್ಕೊಂಡು ಬರ್ತಾರಂತೆ. ನಾನು ಇರ್ತೀನಿ. ಆರು ತಿಂಗಳ ಮೇಲೆ ಒಂದು ದಿನವೂ ಬೇಡ ಅಂದಿದ್ದೆ ನೀನು. ಈ ಒಂದು ಮಾತು ನನಗೆ ನಡೆಸಿಕೊಡೋಕಾಗಲ್ಲ.

ನಾನು ಲಾರಿಯಿಂದ ಇಳಿದ ಮಾರನೇ ದಿನ ಬೆಳಿಗ್ಗೆ ಹಿರಿಯಮ್ಮ ಒಬ್ಬ ಬಸುರಿಯನ್ನು ಕೈ ಹಿಡಿದು ತಂದು ನನ್ನ ಮಂಚದ ಮೇಲೆ ಕೂರಿಸಿ, ತಾನು ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂತಳು. ಈಗ ದಿನಾ ಬರ್ತಾಳೆ. ಇಬ್ಬರೂ ಸೇರಿ ನೋಡ್ತೀವಿ. ಇಬ್ಬರೂ ಸೇರಿ ಜಗಳ ಆಡ್ತೀವಿ.

ನೀನು ಹೂಂ ಅನ್ನೋದಾದ್ರೆ ನಿನ್ನ ಮನಸ್ಸಿಗೆ ಬಂದು ಅನ್ನು. ನನ್ನ ಎದೆ ನೋವು ನನ್ನದು. ಅದು ನಿನ್ನ ಮೇಲಿನ ಕೋಪ ಅಲ್ಲ, ಯಾವತ್ತೂ ಆಗಿರಲಿಲ್ಲ.

ಅತ್ತೆ

---

ಆಗಸ್ಟ್ 5

ಅತ್ತೆಗೆ,

ಹೂಂ ಅಂದೆ.

ಕಳೆದ ಭಾನುವಾರ ಪ್ರಾರ್ಥನೆ ಆದ ಮೇಲೆ ಮದುವೆ ಆಯ್ತು. ಕೂತವರು ಎದ್ದು ಹೋಗೋ ಮುಂಚೆ ಮುಗಿಸಿಬಿಟ್ರು. ನಿಮ್ಮನ್ನು ಬಿಟ್ಟು ಆಗೋದಾ ಅಂತ ಒಂದು ವಾರ ಯೋಚನೆ ಮಾಡಿದೆ. ಕಾಯ್ತೀನಿ ಅಂದ್ರೆ ನೀವು ಬೈತೀರಿ ಅಂತ ಗೊತ್ತಿತ್ತು. ಮನೆಗೆ ಬಂದು ನಿಮ್ಮ ಮಗನ ಫೋಟೋ ಮುಂದೆ ಸ್ವಲ್ಪ ಹೊತ್ತು ಕೂತೆ. ಅವರೂ ಬಂದು ಪಕ್ಕದಲ್ಲಿ ಕೂತ್ರು. ಫೋಟೋ ಇರೋ ಜಾಗದಲ್ಲೇ ಇರುತ್ತೆ. ನಿಮ್ಮ ಕೋಣೆಯೂ ನಿಮ್ಮದೇ. ಕೈ ಚೆನ್ನಾಗಿದೆ, ಬೆರಳು ಪೂರ್ತಿ ಮಡಿಸೋಕೆ ಬರುತ್ತೆ.

ಅವರು ನಿಮಗೆ ಕಾಗದ ಬರೆಯೋಕೆ ಕೂತು ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡ್ರು. "ಏನಂತ ಕರೀಲಿ? ಅಮ್ಮ ಅನ್ನಲಾ, ಸಿಸ್ಟರ್ ಅನ್ನಲಾ?" ಅಂದ್ರು. ಹೆಂಡತಿಯ ತಾಯಿಗೆ ಏನಂತಾರೋ ಅದನ್ನೇ ಅನ್ನಿ ಅಂದೆ. ಪೆನ್ನು ಕಚ್ಚಿಕೊಂಡು "ಹಾಗಾದ್ರೆ ನಿನಗೂ ಅತ್ತೆ, ನನಗೂ ಅತ್ತೆ" ಅಂದ್ರು. ಅವರ ಕಾಗದ ಇದರ ಜೊತೆಗಿದೆ. ಚಳಿಗಾಲದಲ್ಲಿ ನಾವಿಬ್ಬರೂ ಲಾರಿ ಹತ್ತಿ ಅಲ್ಲಿಗೆ ಬರೋಣ ಅಂತಿದ್ದೀವಿ.

ನಿಮ್ಮ ಸೊಸೆ

---

ಆಗಸ್ಟ್ 26

ಪ್ರೀತಿಯ ಸೊಸೆಗೆ,

ಎರಡೂ ಕಾಗದ ಓದಿದೆ. ಒಂದು ಸಲ ಒಬ್ಬಳೇ, ಇನ್ನೊಂದು ಸಲ ಪಟ್ಟಣದವಳ ಮುಂದೆ. ಅವಳು ಮಗುವನ್ನು ಹೆಗಲ ಮೇಲೆ ಹಾಕಿಕೊಂಡು ಹಿರಿಯಮ್ಮನಿಗೆ ಎಲ್ಲವನ್ನೂ ದಾಟಿಸಿದಳು. ಮುದುಕಿ ಕೇಳಿ, ಅವನು ಏನು ಕೆಲಸ ಮಾಡ್ತಾನೆ ಅಂದಳು. ಹೇಳಿದೆ. ಅವಳು ತನ್ನ ಕಣ್ಣು ತೋರಿಸಿ, ನನ್ನ ಮೂಗಿನ ಮೇಲಿನ ಕನ್ನಡಕದ ಕಡೆ ಬೆರಳು ಮಾಡಿದಳು.

ಇಲ್ಲಿ ವಯಸ್ಸಾದವರಲ್ಲಿ ಯಾರಿಗೂ ಹತ್ತಿರದ್ದು ಕಾಣಲ್ಲ. ಸೂಜಿಗೆ ದಾರ ಪೋಣಿಸೋಕೂ ಮಕ್ಕಳನ್ನು ಕರೀತಾರೆ. ಅವರಿಗೆ ಹೇಳು, ಅತ್ತೆ ಅಂತ ಬರೆದರೆ ಸಾಕಾಗಲ್ಲ. ಬರುವಾಗ ಒಂದು ಪೆಟ್ಟಿಗೆ ತುಂಬ ಕನ್ನಡಕ ತರಲಿ. ಅತ್ತೆ ಮನೆಗೆ ಬರಿಗೈಯಲ್ಲಿ ಬರೋ ಅಳಿಯ ನನಗೆ ಬೇಡ.

ಇಂತಿ,
ನಿಮ್ಮಿಬ್ಬರ ಅತ್ತೆ